ಈಚಿನ ಕನ್ನಡ ಕಾದಂಬರಿ, ಆತ್ಮಕಥೆಗಳಲ್ಲಿ ನಿಜಕ್ಕೂ ಓದುವಂಥದ್ದು ಯಾವುದು?

ಹತ್ತು ಹದಿನೈದು ವರ್ಷಗಳಿಂದ ಕನ್ನಡ ಪುಸ್ತಕಗಳ ಸಹವಾಸ ತಪ್ಪಿಹೋಗಿದೆ, ಈ ನಡುವೆ ಬಂದ ಕಾದಂಬರಿ ಮತ್ತು ಆತ್ಮಕಥೆಗಳಲ್ಲಿ ಯಾವುದನ್ನು ಓದಲಿ, ಯಾವುದನ್ನು ಬಿಡಲಿ, ದಾಕ್ಷಿಣ್ಯವಿಲ್ಲದೆ ಹೇಳಿ ಎಂದು ಕೇಳಿದ್ದೀರಿ. ನಾನು ವಿಮರ್ಶಕನೇನೂ ಅಲ್ಲ. ಪೆನ್ಸಿಲ್ ಹಿಡಿದು ಓದುವ, ರುಚಿಸದಿದ್ದರೆ ಐವತ್ತನೆಯ ಪುಟಕ್ಕೆ ಮುಚ್ಚಿಡುವ ಸಾಮಾನ್ಯ ಓದುಗ. ಹೇಳುವವನು ತನ್ನನ್ನು ಎಷ್ಟರಮಟ್ಟಿಗೆ ಬಿಟ್ಟುಕೊಟ್ಟಿದ್ದಾನೆ ಎಂಬುದನ್ನೇ ನಾನು ಕಾದಂಬರಿಯಲ್ಲೂ ಆತ್ಮಕಥೆಯಲ್ಲೂ ಮೊದಲು ನೋಡುತ್ತೇನೆ. ಕೆಳಗಿನ ಮಾತುಗಳನ್ನು ಆ ಅಳತೆಯಲ್ಲಿಯೇ ತೆಗೆದುಕೊಳ್ಳಿ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನನ್ನ ಪಟ್ಟಿಯಲ್ಲಿ ಮೊದಲನೆಯದು. ಒಂದೇ ಕೂರಿಕೆಗೆ ಮುಗಿಯುವ ಪುಟ್ಟ ಕೃತಿ. ಇರುವೆಗಳ ಕಾಟದ ಇಕ್ಕಟ್ಟಿನ ಮನೆಯಲ್ಲಿ ಅಪ್ಪನ ಸಂಬಳವನ್ನು ಎಣಿಸಿ ಖರ್ಚು ಮಾಡುತ್ತಿದ್ದ ಬೆಂಗಳೂರಿನ ಕುಟುಂಬವೊಂದು, ಮಸಾಲೆ ಸಾಮಾನನ್ನು ಸಗಟಾಗಿ ಕೊಂಡು ಪೊಟ್ಟಣ ಕಟ್ಟಿ ಮಾರುವ ಚಿಕ್ಕಪ್ಪನ ವ್ಯಾಪಾರದಿಂದ ಒಮ್ಮೆಲೇ ಶ್ರೀಮಂತವಾಗುತ್ತದೆ. ಕೆಲಸವಿಲ್ಲದೆ ಸಂಬಳ ಪಡೆಯುವ ಮಗ ಕಾಫಿ ಹೌಸಿನಲ್ಲಿ ಕುಳಿತು ಇದನ್ನೆಲ್ಲ ನಮಗೆ ಹೇಳುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಮಸೂರ್ ಬೇಳೆಯ ಅಡುಗೆ ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬಾಯಿಗೆ ಬಂದಂತೆ ಬೈದು ಅಟ್ಟುವ ಸನ್ನಿವೇಶವನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಓದಿಗೆ ಬೈದವರ ಮೇಲೆ ಸಿಟ್ಟು ಬಂತು. ಸುಮ್ಮನೆ ನೋಡುತ್ತ ನಿಂತ ನಿರೂಪಕನ ಕಡೆಗೆ ಕಣ್ಣು ಹೋದದ್ದು ಎರಡನೆಯ ಓದಿನಲ್ಲಿ. ಅವನು ತನ್ನ ಹೇಡಿತನವನ್ನು ಎಲ್ಲಿಯೂ ಬಾಯಿಬಿಟ್ಟು ಒಪ್ಪಿಕೊಳ್ಳುವುದಿಲ್ಲ, ಆದರೆ ಮುಚ್ಚಿಡಲು ಹೋದಷ್ಟೂ ಅದು ಬಯಲಾಗುತ್ತದೆ. ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದದಿಂದ ಇದು ಹೊರದೇಶಗಳಲ್ಲಿಯೂ ಹೆಸರು ಮಾಡಿತು. ಆ ಹೆಸರು ಕೇಳಿ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದ್ದನ್ನು ಹುಡುಕಿಕೊಂಡು ಹೊರಟ ಕನ್ನಡಿಗರು ನನ್ನ ಪರಿಚಯದಲ್ಲಿಯೇ ಇಬ್ಬರಿದ್ದಾರೆ.

ಅವರದೇ ‘ಸಕೀನಾಳ ಮುತ್ತು’ (2021) ನನಗೆ ಅಷ್ಟು ಒಗ್ಗಲಿಲ್ಲ. ಮಗಳನ್ನು ಹುಡುಕಿಕೊಂಡು ಇಬ್ಬರು ಹುಡುಗರು ಮನೆ ಬಾಗಿಲಿಗೆ ಬರುವ ಆರಂಭ ಬಿಗಿಯಾಗಿದೆ, ತಾನು ಬಹಳ ಉದಾರಿ ಎಂದುಕೊಂಡಿರುವ ಅವಳ ಅಪ್ಪ ವೆಂಕಟನ ಒಳಗಿನ ಯಜಮಾನಿಕೆ ಮೆಲ್ಲಗೆ ತಲೆಯೆತ್ತುವ ಬಗೆಯೂ ಚೆನ್ನಾಗಿದೆ. ಆದರೆ ತನಗೇ ಗೊತ್ತಿಲ್ಲದಂತೆ ಗುಟ್ಟು ಬಿಟ್ಟುಕೊಡುವ ಗಂಡಸಿನ ದನಿಯನ್ನು ಹಿಂದಿನ ಕೃತಿಯಲ್ಲಿ ಕೇಳಿಬಿಟ್ಟಿದ್ದರಿಂದ ಇಲ್ಲಿ ಅವನ ಮುಂದಿನ ಹೆಜ್ಜೆ ನನಗೆ ಮೊದಲೇ ತಿಳಿಯುತ್ತಿತ್ತು. ಶೀರ್ಷಿಕೆಯ ‘ಮುತ್ತು’ ಚುಂಬನವೂ ಹೌದು, ಆಣಿಮುತ್ತೂ ಹೌದು. ಇಂಗ್ಲಿಷ್ ಅನುವಾದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಯಿತು, ಹಾಗಾಗಿ ಇದನ್ನು ಕನ್ನಡದಲ್ಲಿಯೇ ಓದಿ. ನನ್ನ ಹೆಂಡತಿ ಇದನ್ನು ಓದಿ ಮುಗಿಸಿ ‘ಈ ವೆಂಕಟ ಥೇಟ್ ನಿಮ್ಮ ಹಾಗೇ ಇದ್ದಾನಲ್ಲ’ ಎಂದಳು. ನನಗೆ ಪುಸ್ತಕ ಹಿಡಿಸದಿರಲು ಅದೂ ಒಂದು ಕಾರಣವಿರಬಹುದು.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಇದಕ್ಕೆ ತದ್ವಿರುದ್ಧ: ದೊಡ್ಡ ಗಾತ್ರ, ದೊಡ್ಡ ಹರಹು. ಲಿಸ್ಬನ್ನಿನ ತೇಜೋ ನದಿಯ ದಡದ ಗೇಬ್ರಿಯಲ್ ಮತ್ತು ಯಹೂದಿ ಹುಡುಗಿ ಬೆಲ್ಲಾ ಒಂದು ಕಡೆ, ವಿಜಯನಗರದ ಕಾಲದ ತುಂಗಭದ್ರೆಯ ದಡದ ಹಂಪಮ್ಮ ಇನ್ನೊಂದು ಕಡೆ. ಮತಾಂತರ, ಸತಿ, ಹಡಗಿನ ಹೊಟ್ಟೆಯೊಳಗಿನ ಹಸಿವು, ಯಾವುದನ್ನೂ ಅವರು ಮೆದು ಮಾಡಿ ಹೇಳುವುದಿಲ್ಲ. ಕೃಷ್ಣದೇವರಾಯನ ಹೆಸರೆತ್ತಿದರೆ ಸಾಕು, ಬೀದಿಯಲ್ಲಿ ಮುತ್ತು ರತ್ನ ಅಳೆದ ಕಥೆ ಹೇಳುವ ನಮಗೆ ಆ ವೈಭವದ ಅಡಿಯಲ್ಲಿ ಸಿಕ್ಕಿದ ಸಾಮಾನ್ಯರನ್ನು ತೋರಿಸಿದ್ದು ಸಣ್ಣ ಕೆಲಸವಲ್ಲ. ನನ್ನ ಆಕ್ಷೇಪ ಒಂದೇ. ಲೇಖಕರು ಬಹಳ ಓದಿ ಬರೆದಿದ್ದಾರೆ, ಮತ್ತು ಕೆಲವೆಡೆ ಆ ಓದು ಪಾತ್ರಗಳ ಬಾಯಿಂದ ಮಾಹಿತಿಯಾಗಿ ಉದುರುತ್ತದೆ. ಹಾಗಿದ್ದೂ ದಪ್ಪ ಪುಸ್ತಕ ಕಂಡರೆ ದೂರ ಸರಿಯುವವರಿಗೂ ಇದನ್ನು ಧೈರ್ಯವಾಗಿ ಕೊಡಬಹುದು.

ಎಸ್. ಎಲ್. ಭೈರಪ್ಪನವರ ‘ಉತ್ತರಕಾಂಡ’ (2017) ಅವರ ಕೊನೆಯ ಕಾದಂಬರಿ. ಸೀತೆಯ ದನಿಯಲ್ಲಿ ರಾಮಾಯಣವನ್ನು ಪವಾಡ ಕಳಚಿ ಹೇಳುತ್ತದೆ. ಮೊದಲ ಭಾಗದ ಸೀತೆಯ ಕಹಿ ನನ್ನನ್ನು ಹಿಡಿದು ಕೂರಿಸಿತು, ಮುಂದೆ ಚರ್ಚೆ ಹೆಚ್ಚಾಗಿ ಸೀತೆ ಕಡಿಮೆಯಾದಳು. ಮಹಾಭಾರತವನ್ನು ಕುರಿತ ಅವರದೇ ‘ಪರ್ವ’ ಓದಿದವರು ಅದರ ಎತ್ತರವನ್ನು ಇಲ್ಲಿ ನಿರೀಕ್ಷಿಸದಿರುವುದು ಒಳ್ಳೆಯದು.

ಇನ್ನು ಆತ್ಮಕಥೆಗಳು. ಇಲ್ಲಿ ನನ್ನ ಸಹನೆ ಕಡಿಮೆ. ನಿವೃತ್ತರಾದ ದೊಡ್ಡವರು ಬರೆದ ಎಷ್ಟೋ ಪುಸ್ತಕಗಳು ಬಡತನದ ಬಾಲ್ಯದಿಂದ ಹೊರಟು ವರ್ಗಾವಣೆಗಳ ಪಟ್ಟಿ ಹಿಡಿದು ಸನ್ಮಾನದ ಶಾಲಿನಲ್ಲಿ ಮುಗಿಯುತ್ತವೆ. ಇಡೀ ಜೀವನದಲ್ಲಿ ಲೇಖಕರಿಂದ ಒಂದೇ ಒಂದು ತಪ್ಪೂ ಆಗಿರುವುದಿಲ್ಲ. ಅಂಥವುಗಳ ನಡುವೆ ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011) ಬೇರೆಯೇ ನಿಲ್ಲುತ್ತದೆ. ತಾನು ಹುಟ್ಟುವುದೇ ಬೇಡವೆಂದು ಹೆತ್ತವರು ಪುಣೆಯ ವೈದ್ಯೆಯೊಬ್ಬರ ಬಳಿ ಹೋಗಿದ್ದರು, ಆಕೆ ಸಮಯಕ್ಕೆ ಬಾರದ್ದರಿಂದ ಕಾದು ಹಿಂತಿರುಗಿದರು ಎಂಬ ಸಂಗತಿಯನ್ನು, ಊಟದ ಹೊತ್ತಿನಲ್ಲಿ ತಾಯಿಯ ಬಾಯಿಂದ ಕೇಳಿದ ಹಾಗೆಯೇ ಬರೆದು, ಪುಸ್ತಕವನ್ನು ಆ ವೈದ್ಯೆಗೇ ಅರ್ಪಿಸಿದ್ದಾರೆ. ಮಗುವಿದ್ದ ವಿಧವೆಯಾಗಿದ್ದ ತಾಯಿ ತಂದೆಯನ್ನು ಮದುವೆಯಾಗಲು ವರ್ಷಗಟ್ಟಲೆ ಕಾಯಬೇಕಾದ ಪ್ರಸಂಗವನ್ನೂ ಅಷ್ಟೇ ನಿರಾಳವಾಗಿ ಹೇಳುತ್ತಾರೆ. ಧಾರವಾಡದ ಪುಟಗಳು ಬಂಗಾರ. ಸಿನಿಮಾದ ಭಾಗದಲ್ಲಿ ಹೆಸರುಗಳ ಜಾತ್ರೆ ತುಸು ಹೆಚ್ಚಾಯಿತು, ಬೇರೆಯವರ ಬಗ್ಗೆ ಅವರ ನಾಲಿಗೆ ಹರಿತವಾದಷ್ಟು ತಮ್ಮ ಬಗ್ಗೆ ಎಲ್ಲ ಕಡೆ ಹರಿತವಾಗಿಲ್ಲ.

ನೀವು ಈಚಿನದನ್ನು ಕೇಳಿದ್ದೀರಿ, ಆದರೂ ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಮೊದಲ ಭಾಗ (1996) ಓದಿರದಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಇಬ್ಬರು ನೊಗ ಹೊತ್ತು ಎತ್ತುಗಳಂತೆ ಹೊಲ ಉಳುತ್ತಿರುವುದನ್ನು ಹುಡುಗನೊಬ್ಬ ನೋಡುತ್ತಾನೆ. ಅವರಲ್ಲಿ ಒಬ್ಬರು ಅವನ ಅಪ್ಪ. ಲೇಖಕರು ಅಲ್ಲಿ ಕಣ್ಣೀರು ಕರೆಯುವುದಿಲ್ಲ, ಉಳಿದ ಪುಸ್ತಕದ ತುಂಬ ನಗಿಸುತ್ತಲೇ ಹೋಗುತ್ತಾರೆ.

ಕೊಳ್ಳುವಾಗ ಮುನ್ನುಡಿ, ಬೆನ್ನುಡಿಗಳನ್ನು ನಂಬಬೇಡಿ; ಅವನ್ನು ಬರೆಯುವವರು ಬಹುತೇಕ ಲೇಖಕರ ಸ್ನೇಹಿತರು ಅಥವಾ ಗುರುಗಳು. ಪುಟಗಳನ್ನೂ ಒಮ್ಮೆ ತಿರುವಿ ನೋಡಿ. ಕಳೆದ ವರ್ಷ ಕೊಂಡ ಕಾದಂಬರಿಯೊಂದರಲ್ಲಿ ಹದಿನಾರು ಪುಟದ ಒಂದು ಫಾರಂ ಎರಡು ಸಲ ಸೇರಿಕೊಂಡು ಮುಂದಿನದು ಮಾಯವಾಗಿತ್ತು, ನಾಯಕಿಗೆ ಮದುವೆಯಾಯಿತೋ ಇಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಬಹುಕಾಲದ ನಂತರ ಓದಲು ಕೂರುತ್ತಿರುವ ನೀವು ‘ಘಾಚರ್ ಘೋಚರ್’ನಿಂದ ಶುರುಮಾಡಿ, ಅದು ಹಿಡಿಸಿದರೆ ಕಾರ್ನಾಡರಿಗೆ ಬನ್ನಿ, ‘ತೇಜೋ-ತುಂಗಭದ್ರಾ’ವನ್ನು ರಜೆಗೆ ಇಟ್ಟುಕೊಳ್ಳಿ.