ಇಂಟೆಲ್ಲೋ ಎಎಂಡಿಯೋ: ಶಿವಮೊಗ್ಗದ ಸದಸ್ಯರ ಪ್ರಶ್ನೆಗೆ ವಿವರವಾದ ಉತ್ತರ

ನಮಸ್ಕಾರ. ಶಿವಮೊಗ್ಗದಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡುವ ಸದಸ್ಯರು ಎರಡು ವಿಷಯ ಕೇಳಿದ್ದಾರೆ. ಎಡಿಟಿಂಗ್‌ಗೆಂದು ಮಾನಿಟರ್ ಬಿಟ್ಟು ಸುಮಾರು 80,000 ರೂಪಾಯಿಯೊಳಗೆ ಜೋಡಿಸಿಕೊಳ್ಳುವ ಡೆಸ್ಕ್‌ಟಾಪ್‌ಗೆ ಇಂಟೆಲ್ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಹಾಕಿಸಬೇಕೋ ಎಎಂಡಿಯದನ್ನೋ ಎಂಬುದು ಮೊದಲನೆಯದು. ಬಿಸಿಎ ಸೇರಿರುವ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಏನನ್ನು ನೋಡಬೇಕು ಎಂಬುದು ಎರಡನೆಯದು. ಅಂಗಡಿಯವರು "ಎಎಂಡಿ ಬಿಸಿಯಾಗುತ್ತದೆ, ಇಂಟೆಲ್ಲೇ ಗಟ್ಟಿ" ಎಂದಿದ್ದಾರೆ. ಬೆಂಗಳೂರಿನಲ್ಲಿರುವ ಅವರ ಭಾವಮೈದುನರು "ಈಗಿನ ಇಂಟೆಲ್ ಚಿಪ್‌ಗಳು ತಾವಾಗಿಯೇ ಕೆಟ್ಟುಹೋಗುತ್ತವೆ" ಎಂದಿದ್ದಾರೆ.

ಇಬ್ಬರ ಮಾತಿಗೂ ಆಧಾರವಿದೆ. ಆದರೆ ಒಂದೊಂದು ಮಾತೂ ಒಂದು ಕಾಲಕ್ಕೆ, ಕೆಲವು ಮಾದರಿಗಳಿಗೆ ಮಾತ್ರ ಸೇರಿದ್ದು. ಈ ಎರಡು ಕಂಪನಿಗಳ ಪೈಪೋಟಿಯಲ್ಲಿ ಮೇಲುಗೈ ಎಷ್ಟೋ ಸಲ ಕೈಬದಲಾಯಿಸಿದೆ. ಹೀಗಿರುವಾಗ ಕಂಪನಿಯ ಹೆಸರು ನೋಡಿ ಕೊಳ್ಳುವವರು ಹಳೆಯ ಖ್ಯಾತಿಗೆ ಹಣ ತೆರುತ್ತಾರೆ. ನಾವು ನೋಡಬೇಕಾದದ್ದು ಈ ವರ್ಷ, ಈ ಕೆಲಸಕ್ಕೆ, ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಈ ಸಂಖ್ಯೆಯ ಚಿಪ್ಪನ್ನು.

ಮೊದಲು ಬಿಸಿಯ ವಿಷಯ. 2000–01ರ ಸುಮಾರಿನ ಎಎಂಡಿ ಅಥ್ಲಾನ್ ಚಿಪ್‌ಗಳಲ್ಲಿ ತಾಪ ಮಿತಿಮೀರಿದಾಗ ವೇಗವನ್ನು ತಾನೇ ಇಳಿಸಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ಮೇಲಿನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಕಳಚಿದರೆ ಚಿಪ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತಿತ್ತು; ಅದೇ ಕಾಲದ ಪೆಂಟಿಯಂ 4 ನಿಧಾನವಾಗುತ್ತಿತ್ತೇ ಹೊರತು ಸಾಯುತ್ತಿರಲಿಲ್ಲ. ಮುಂದೆ 2013ರಲ್ಲಿ ಎಎಂಡಿ ಎಫ್‌ಎಕ್ಸ್-9590 ಎಂಬ 220 ವ್ಯಾಟ್‌ನ ಚಿಪ್ಪನ್ನು ಮಾರಿತು. ಅಂಗಡಿಯವರ ಅಭಿಪ್ರಾಯ ಬೇರೂರಿದ್ದು ಆ ವರ್ಷಗಳಲ್ಲಿ. ಈಗ ಲೆಕ್ಕ ತಿರುಗಿದೆ. ಇಂಟೆಲ್‌ನ ಐ9-13900ಕೆ ಪೂರ್ಣ ವೇಗದಲ್ಲಿ 253 ವ್ಯಾಟ್‌ವರೆಗೆ ಎಳೆಯಬಹುದೆಂದು ಕಂಪನಿಯೇ ನಮೂದಿಸಿದೆ. ಎಎಂಡಿಯ ಎಂಟು ಕೋರ್‌ಗಳ (ಏಕಕಾಲಕ್ಕೆ ಲೆಕ್ಕ ಮಾಡುವ ಘಟಕಗಳ) ರೈಜನ್ 7 7700 ಮಾದರಿಯ ನಮೂದಿತ ಪ್ರಮಾಣ 65 ವ್ಯಾಟ್, ಗರಿಷ್ಠ 88 ವ್ಯಾಟ್. ಅಂಗಡಿಯವರಿಗೆ ಈ ಸಂಖ್ಯೆಗಳನ್ನು ತೋರಿಸಿದರೆ ಸಾಕು, ವಾದ ಬೇಕಿಲ್ಲ.

ಭಾವಮೈದುನರ ಮಾತು ಹೆಚ್ಚು ಹೊಸದು, ಹೆಚ್ಚು ಗಂಭೀರವೂ ಹೌದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಹರಿದು, ಚಿಪ್ ಒಳಗೊಳಗೇ ಸವೆದು, ಕೆಲವು ತಿಂಗಳಲ್ಲಿ ಕಂಪ್ಯೂಟರ್ ಹಠಾತ್ತಾಗಿ ನಿಲ್ಲತೊಡಗಿದ ಪ್ರಕರಣಗಳು 2024ರಲ್ಲಿ ದೊಡ್ಡ ಸುದ್ದಿಯಾದವು. ಇಂಟೆಲ್ ಆ ವರ್ಷದ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೊಕೋಡ್ (ಚಿಪ್ಪಿನೊಳಗಿನ ನಿಯಂತ್ರಣ ತಂತ್ರಾಂಶ) ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು, ಬಾಧಿತ ಮಾದರಿಗಳ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ತಿದ್ದುಪಡಿ ಮುಂದಿನ ಸವೆತವನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಸವೆದ ಚಿಪ್ಪನ್ನು ಸರಿಪಡಿಸುವುದಿಲ್ಲ. ಆದುದರಿಂದ ಆ ತಲೆಮಾರಿನ ಐ7, ಐ9ಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ. ಇನ್ನು, ವಾರಂಟಿ ವಿಸ್ತರಣೆಯ ಪಟ್ಟಿಯಲ್ಲಿದ್ದದ್ದು ಐ5 ಸಾಲಿನ 13600ಕೆ, 14600ಕೆ ಬಗೆಯವು ಮತ್ತು ಅವುಗಳಿಗಿಂತ ಮೇಲಿನವು. ಐ5-13500, 14500ರಂಥ ಮಾದರಿಗಳು ಅದರಲ್ಲಿ ಇರಲಿಲ್ಲ. ಎಎಂಡಿಯೂ ಇಂಥ ತೊಂದರೆಯಿಂದ ಪೂರ್ತಿ ಪಾರಾಗಿಲ್ಲ. 2023ರ ಏಪ್ರಿಲ್‌ನಲ್ಲಿ ರೈಜನ್ 7000 ಸಾಲಿನಲ್ಲಿ ಹೆಸರಿನ ಕೊನೆಗೆ ಎಕ್ಸ್3ಡಿ ಎಂದಿರುವ ಕೆಲವು ಚಿಪ್‌ಗಳು ಮದರ್‌ಬೋರ್ಡಿನಲ್ಲೇ ಸುಟ್ಟ ಪ್ರಕರಣಗಳು ವರದಿಯಾಗಿ, ಒಂದು ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸುವ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ತಿದ್ದುಪಡಿ ಬರಬೇಕಾಯಿತು.

ಮೇಲುಗೈ ಹೀಗೆ ತಿರುಗುತ್ತಲೇ ಇರುವುದು ಏಕೆಂದು ತಿಳಿದಿದ್ದರೆ ಮುಂದಿನ ಸಲ ಕೊಳ್ಳುವಾಗ ನೀವೇ ನಿರ್ಧರಿಸಬಲ್ಲಿರಿ. ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ; ಎರಡನ್ನೂ ಕಟ್ಟಿದವರು ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಕಂಪನಿಯಿಂದ ಹೊರಬಂದವರು. ಐಬಿಎಂ ತನ್ನ ಪಿಸಿಗೆ ಇಂಟೆಲ್ ಚಿಪ್ಪನ್ನು ಆರಿಸಿಕೊಂಡಾಗ, ಒಂದೇ ಕಂಪನಿಯನ್ನು ನಂಬಿ ಕೂರಲಾರೆವು, ಇನ್ನೊಬ್ಬ ತಯಾರಕನೂ ಇರಲೇಬೇಕು ಎಂದು ಪಟ್ಟು ಹಿಡಿಯಿತು. ಅದರ ಫಲವಾಗಿ 1982ರ ಒಪ್ಪಂದದ ಮೂಲಕ ಎಎಂಡಿಗೆ ಇಂಟೆಲ್ ವಿನ್ಯಾಸದ ಚಿಪ್‌ಗಳನ್ನು ತಯಾರಿಸುವ ಅವಕಾಶ ಸಿಕ್ಕಿತು. ಆದರೆ 1985ರಲ್ಲಿ ಬಂದ 386ರ ವಿನ್ಯಾಸವನ್ನು ಇಂಟೆಲ್ ಹಂಚಿಕೊಳ್ಳಲಿಲ್ಲ. ಎಎಂಡಿ ತನ್ನದೇ ಆದ 386 ಅನ್ನು ಮಾರುಕಟ್ಟೆಗೆ ತರುವಷ್ಟರಲ್ಲಿ 1991 ಆಗಿತ್ತು, ವ್ಯಾಜ್ಯ ಮುಗಿಯುವಷ್ಟರಲ್ಲಿ 1995. ಅಂಕಿಗಳನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲಾಗದೆಂದು ನ್ಯಾಯಾಲಯ ಹೇಳಿದ್ದರಿಂದಲೇ ಇಂಟೆಲ್ 586 ಎನ್ನುವ ಬದಲು ಪೆಂಟಿಯಂ ಎಂಬ ಹೆಸರಿಗೆ ಹೋಯಿತು. ಆ ಪೆಂಟಿಯಂ ಯೋಜನೆಯನ್ನು ಮುನ್ನಡೆಸಿದ, ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಅವರು ಬಳಿಕ ನೆಕ್ಸ್‌ಜೆನ್ ಎಂಬ ಚಿಪ್ ಕಂಪನಿ ಸೇರಿ, ಎಎಂಡಿ ಅದನ್ನು ಕೊಂಡಾಗ ಅಲ್ಲಿಗೇ ಬಂದು, ಪೆಂಟಿಯಂಗೆ ಎದುರಾಳಿಯಾದ ಕೆ6 ಚಿಪ್ಪಿನಲ್ಲಿಯೂ ಪಾತ್ರ ವಹಿಸಿದರು.

2003ರಲ್ಲಿ ಎಎಂಡಿ ಹಳೆಯ 32 ಬಿಟ್ ತಂತ್ರಾಂಶಗಳನ್ನೂ ಓಡಿಸಬಲ್ಲ 64 ಬಿಟ್ ವಿನ್ಯಾಸವನ್ನು ತಂದಿತು. ಇಂಟೆಲ್ ಇಟಾನಿಯಂ ಎಂಬ ಬೇರೆಯದೇ ದಾರಿ ಹಿಡಿದಿತ್ತು. 2004ರಲ್ಲಿ ಅದೂ ಎಎಂಡಿಯ ಸೂಚನಾ ಸಮೂಹವನ್ನು (ಚಿಪ್ ಅರ್ಥಮಾಡಿಕೊಳ್ಳುವ ಆಜ್ಞೆಗಳ ಪಟ್ಟಿಯನ್ನು) ತನ್ನ ಚಿಪ್‌ಗಳಿಗೆ ಅಳವಡಿಸಿಕೊಳ್ಳಬೇಕಾಯಿತು. ಇಂದು ನಿಮ್ಮ ಇಂಟೆಲ್ ಕಂಪ್ಯೂಟರಿನಲ್ಲಿ ಓಡುವ 64 ಬಿಟ್ ವಿಂಡೋಸ್ ಬಳಸುವುದು ಎಎಂಡಿ ರೂಪಿಸಿದ ಆ ಸೂಚನೆಗಳನ್ನೇ.

ಇಷ್ಟೆಲ್ಲ ಇದ್ದೂ ಆ ವರ್ಷಗಳಲ್ಲಿ ದೊಡ್ಡ ಬ್ರ್ಯಾಂಡ್‌ಗಳ ಕಂಪ್ಯೂಟರ್‌ಗಳಲ್ಲಿ ಎಎಂಡಿ ಏಕೆ ಅಷ್ಟಾಗಿ ಕಾಣಲಿಲ್ಲ ಎಂದು ಕೇಳಬಹುದು. ತಯಾರಕರಿಗೆ ಷರತ್ತಿನ ರಿಯಾಯಿತಿ ಕೊಟ್ಟು ಇಂಟೆಲ್ ತನ್ನನ್ನು ಹೊರಗಿಟ್ಟಿತೆಂದು ಎಎಂಡಿ 2005ರಲ್ಲಿ ಮೊಕದ್ದಮೆ ಹೂಡಿತು; 2009ರಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದೇ ವರ್ಷ ಐರೋಪ್ಯ ಆಯೋಗ ವಿಧಿಸಿದ 106 ಕೋಟಿ ಯೂರೊ ದಂಡದ ಕಥೆ ಬೇರೆ: ರಿಯಾಯಿತಿಗೆ ಸಂಬಂಧಿಸಿದ ತೀರ್ಮಾನವನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2022ರಲ್ಲಿ ರದ್ದುಪಡಿಸಿತು, 2024ರ ಮೇಲ್ಮನವಿಯಲ್ಲೂ ಆ ರದ್ದತಿ ಉಳಿಯಿತು.

ನಮ್ಮಂಥ ಕೊಳ್ಳುಗರಿಗೆ ಅತಿ ಮುಖ್ಯವಾದದ್ದು 2006ರಿಂದ 2017ರವರೆಗಿನ ಅವಧಿ. 2006ರ ಕೋರ್ 2 ಡ್ಯುಯೊ ಮೂಲಕ ಇಂಟೆಲ್ ಮುಂದೆ ಹೋಯಿತು, 2011ರ ಬುಲ್ಡೋಜರ್ ವಿನ್ಯಾಸ ಕೈಕೊಟ್ಟು ಎಎಂಡಿ ಬಹಳ ಹಿಂದೆ ಬಿತ್ತು. ಇಂಟೆಲ್‌ನ ಮೊದಲ ನಾಲ್ಕು ಕೋರ್‌ಗಳ ಡೆಸ್ಕ್‌ಟಾಪ್ ಚಿಪ್ ಬಂದದ್ದು 2006ರ ನವೆಂಬರ್‌ನಲ್ಲಿ. 2017ರ ಜನವರಿಯಲ್ಲಿ ಬಂದ ಐ7-7700ಕೆ, ಅಂದರೆ ಸಾಮಾನ್ಯ ಸಾಲಿನ ಅತಿ ದೊಡ್ಡ ಚಿಪ್, ಅದರಲ್ಲಿಯೂ ಇದ್ದದ್ದು ನಾಲ್ಕೇ ಕೋರ್! ಹತ್ತು ವರ್ಷ ವಿಡಿಯೊ ಎಡಿಟ್ ಮಾಡುವವರು ಹೆಚ್ಚಿನ ಕೋರ್ ಬೇಕೆಂದರೆ ದುಬಾರಿ ಬೋರ್ಡಿನ ಪ್ರತ್ಯೇಕ ಸಾಲಿಗೇ ಹೋಗಬೇಕಿತ್ತು. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ಗಳ ರೈಜನ್ 7 1800ಎಕ್ಸ್ ಅನ್ನು 499 ಡಾಲರ್‌ಗೆ ತಂದಿತು. ಅಷ್ಟೇ ಕೋರ್‌ಗಳ ಇಂಟೆಲ್ ಐ7-6900ಕೆ ಬೆಲೆ ಸಾವಿರ ಡಾಲರ್ ದಾಟಿತ್ತು. ಅದೇ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಸಾಮಾನ್ಯ ಸಾಲಿಗೆ ಆರು ಕೋರ್ ಬಂದವು, ಮರುವರ್ಷ ಎಂಟು. ಹತ್ತು ವರ್ಷ ಆಗದ ಕೆಲಸ ಎದುರಾಳಿ ಎದ್ದು ನಿಂತ ಎರಡೇ ವರ್ಷದಲ್ಲಿ ಆಯಿತು.

ಇದನ್ನು ಓದಿ ಎಎಂಡಿಯೇ ಗ್ರಾಹಕರ ಪಕ್ಷಪಾತಿ ಎಂದುಕೊಳ್ಳಬೇಡಿ. 2020ರಲ್ಲಿ ರೈಜನ್ 5000 ಸಾಲಿನಿಂದ ತಾನು ಮುಂದಾದ ಕೂಡಲೇ ಆರು ಕೋರ್‌ಗಳ 5600ಎಕ್ಸ್‌ಗೆ ಅದು 299 ಡಾಲರ್ ಇಟ್ಟಿತು. ಹಿಂದಿನ 3600ಎಕ್ಸ್ 249 ಡಾಲರ್‌ಗೆ ಬಂದಿತ್ತು. ಅಗ್ಗದ 5600 ಚಿಲ್ಲರೆ ಮಾರುಕಟ್ಟೆಗೆ ಇಳಿದದ್ದು 2022ರ ಏಪ್ರಿಲ್‌ನಲ್ಲಿ, ಇಂಟೆಲ್‌ನ ಐ5-12400 ಬಂದು ಕೆಲವು ತಿಂಗಳಾದ ಮೇಲೆ. ಹಳೆಯ ಬಿ450 ಬೋರ್ಡ್‌ಗಳಿಗೆ ಆ 5000 ಸಾಲು ಹೊಂದುವುದಿಲ್ಲವೆಂದು ಹೇಳಿ, ಬಳಕೆದಾರರು ಗಟ್ಟಿಯಾಗಿ ಪ್ರತಿಭಟಿಸಿದ ಮೇಲೆ 2020ರ ಮೇ ತಿಂಗಳಲ್ಲಿ ನಿಲುವು ಬದಲಿಸಿದ್ದೂ ಅದೇ ಕಂಪನಿ. ಯಾರು ಮುಂದಿರುತ್ತಾರೋ ಅವರು ಬೆಲೆ ಏರಿಸುತ್ತಾರೆ, ಹಿಂದಿರುವವರು ಕೋರ್‌ಗಳನ್ನೋ ಬೋರ್ಡಿನ ಬಾಳಿಕೆಯನ್ನೋ ಹೆಚ್ಚಾಗಿ ಕೊಡುತ್ತಾರೆ. ಅಂದಹಾಗೆ, ಇದು ದೂರದ ದೇಶದ ಜಗಳ ಮಾತ್ರವಲ್ಲ. ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಸರ್ವರ್ ಚಿಪ್ ವಿನ್ಯಾಸಗೊಂಡು 2008ರಲ್ಲಿ ಬಿಡುಗಡೆಯಾದದ್ದು ಬೆಂಗಳೂರಿನ ತಂಡದ ದುಡಿಮೆಯಿಂದ; ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಬೆಂಗಳೂರಿನಲ್ಲೇ, 2023ರ ನವೆಂಬರ್‌ನಲ್ಲಿ.

ಈಗ ನಿಮ್ಮ ಡೆಸ್ಕ್‌ಟಾಪ್. ನಿಮ್ಮ ಕೆಲಸದಲ್ಲಿ ಪ್ರೊಸೆಸರಿನ ಆಯ್ಕೆಯನ್ನು ತೀರ್ಮಾನಿಸುವುದು ಕ್ಯಾಮೆರಾ. ಈಚಿನ ಕ್ಯಾಮೆರಾಗಳಲ್ಲಿ ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ), 10 ಬಿಟ್, 4:2:2 (ಹೆಚ್ಚು ಬಣ್ಣದ ವಿವರ ಉಳಿಸುವ ಬಗೆಗಳು) ಎಂಬ ರೆಕಾರ್ಡಿಂಗ್ ಆಯ್ಕೆ ಇರುತ್ತದೆ. ಬಣ್ಣ ತಿದ್ದಲು ಅದು ಬಹಳ ಒಳ್ಳೆಯದು, ಆದರೆ ಟೈಮ್‌ಲೈನಿನಲ್ಲಿ ಓಡಿಸಲು ಬಹಳ ಭಾರ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ತನ್ನ ಚಿಪ್ಪಿನೊಳಗಿನ ಗ್ರಾಫಿಕ್ಸ್ ಭಾಗದಲ್ಲೇ ಈ ಬಗೆಯ ಫೈಲನ್ನು ಬಿಡಿಸುವ ಯಂತ್ರಾಂಶವನ್ನು ಇಟ್ಟಿದೆ. ರೈಜನ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿನ ಪುಟ್ಟ ಗ್ರಾಫಿಕ್ಸ್‌ಗೆ ಅದು ಆಗದು. ಎನ್‌ವಿಡಿಯಾ ಕಾರ್ಡ್‌ಗಳಿಗೆ ಈ ಸಾಮರ್ಥ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸಾಲಿನಿಂದ. ಆದುದರಿಂದ ನೀವು 4:2:2ರಲ್ಲಿ ಚಿತ್ರೀಕರಿಸಿ ಪ್ರೀಮಿಯರ್ ಪ್ರೊ ಎಡಿಟಿಂಗ್ ತಂತ್ರಾಂಶದಲ್ಲಿ ಕೆಲಸ ಮಾಡುವವರಾಗಿದ್ದರೆ, ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ಈಗಲೇ ಹಣ ಹಾಕದೆ ಐ5-14500ರಂಥ ಇಂಟೆಲ್ ಚಿಪ್ ಹಾಕಿಸಿಕೊಳ್ಳುವುದು ನನ್ನ ಸ್ಪಷ್ಟ ಸಲಹೆ. ಅದರಲ್ಲಿರುವ ಯುಎಚ್‌ಡಿ 770 ಗ್ರಾಫಿಕ್ಸ್‌ನಲ್ಲಿ ವಿಡಿಯೊ ಎಂಜಿನ್ (ವಿಡಿಯೊ ಫೈಲನ್ನು ಬಿಡಿಸುವ ಘಟಕ) ಎರಡಿವೆ. ಐ5-14400ರ ಯುಎಚ್‌ಡಿ 730ರಲ್ಲಿ ಒಂದೇ ಇದೆ. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಚಿಪ್ಪನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಎಫ್ ಎಂದರೆ ಒಳಗಿನ ಗ್ರಾಫಿಕ್ಸ್ ಬಳಕೆಗೆ ಇಲ್ಲ. ಉಳಿಯುವ ಹಣ ಸ್ವಲ್ಪ, ನೀವು ಕಳೆದುಕೊಳ್ಳುವುದು ಇಂಟೆಲ್ ಕೊಳ್ಳಲು ಇದ್ದ ಕಾರಣವನ್ನೇ.

ನಿಮ್ಮ ಚಿತ್ರೀಕರಣ ಸಾಮಾನ್ಯ 8 ಬಿಟ್ 4:2:0 ಆಗಿದ್ದರೆ, ಅಥವಾ ಆರ್‌ಟಿಎಕ್ಸ್ 50 ಸಾಲಿನ ಕಾರ್ಡನ್ನು ಹೇಗೂ ಕೊಳ್ಳುವವರಿದ್ದರೆ, ಎಎಂಡಿಯ ಎಎಂ5 ಬೋರ್ಡಿನ ಮೇಲೆ ರೈಜನ್ 7 7700 ಹೆಚ್ಚು ದೂರದೃಷ್ಟಿಯ ಆಯ್ಕೆ. 2022ರಲ್ಲಿ ಬಂದ ಎಎಂ5 ಸಾಕೆಟ್‌ಗೆ (ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) 2027ರವರೆಗಾದರೂ ಬೆಂಬಲ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ನಾಲ್ಕು ವರ್ಷದ ನಂತರ ಬೋರ್ಡನ್ನು ಉಳಿಸಿಕೊಂಡು ಚಿಪ್ ಮಾತ್ರ ಬದಲಿಸಬಹುದು. ಐ5-14500 ಕೂರುವ ಎಲ್‌ಜಿಎ1700 ಸಾಕೆಟ್‌ನ ಸರದಿ ಮುಗಿದಿದೆ, 2024ರಿಂದ ಇಂಟೆಲ್ ಎಲ್‌ಜಿಎ1851ಕ್ಕೆ ಹೋಗಿದೆ. ಇದಕ್ಕೆ ಎದುರಾಗಿ ಎಲ್‌ಜಿಎ1700 ಬೋರ್ಡ್‌ಗಳಲ್ಲಿ ಡಿಡಿಆರ್4 ಎಂಬ ಹಿಂದಿನ ಬಗೆಯ ಮೆಮೊರಿಯನ್ನು ಸ್ವೀಕರಿಸುವವೂ ಸಿಗುತ್ತವೆ; ಹಳೆಯ ಕಂಪ್ಯೂಟರಿನಲ್ಲಿ ಒಳ್ಳೆಯ ಡಿಡಿಆರ್4 ಮೆಮೊರಿ ಇದ್ದರೆ ಅದನ್ನೇ ಮುಂದುವರಿಸಬಹುದು. ಎಎಂ5ಗೆ ಡಿಡಿಆರ್5 ಕಡ್ಡಾಯ. ಮೆಮೊರಿಯ ಬೆಲೆ ಏರಿರುವಾಗ ಈ ಒಂದು ಅಂಶವೇ ಲೆಕ್ಕವನ್ನು ತಿರುಗಿಸಬಲ್ಲದು. ಯಾವುದನ್ನು ಕೊಂಡರೂ ಮೆಮೊರಿ 32 ಜಿಬಿಗೆ ಕಡಿಮೆ ಬೇಡ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳಿ, ನಿಮ್ಮೂರಿನಲ್ಲೇ ಕೊಳ್ಳಿ, ಬಿಲ್ಲಿನಲ್ಲಿ "ಐ5 ಪ್ರೊಸೆಸರ್" ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಪೂರ್ಣ ಸಂಖ್ಯೆ, ಕೊನೆಯ ಅಕ್ಷರ, ಬೋರ್ಡಿನ ಮಾದರಿ ಎಲ್ಲವೂ ಇರಲಿ. ಚಿಪ್ ಮುಚ್ಚಿದ ಪೆಟ್ಟಿಗೆಯಲ್ಲಿರಲಿ, ಬಿಡಿಯಾಗಿ ಕೊಡುವ ಟ್ರೇ ಚಿಪ್ ಬೇಡ, ಅದಕ್ಕೆ ಪೆಟ್ಟಿಗೆಯ ಚಿಪ್ಪಿನಂತೆ ಕಂಪನಿಯ ನೇರ ವಾರಂಟಿ ಸಿಗುವುದಿಲ್ಲ. ಜೋಡಿಸಿದ ಮೇಲೆ ಅಂಗಡಿಯಲ್ಲೇ ಬಯಾಸ್ ತೆರೆಸಿ ಆವೃತ್ತಿಯ ದಿನಾಂಕ ನೋಡಿ. ಇಂಟೆಲ್ 13–14ನೇ ತಲೆಮಾರಿಗೆ ಅದು 2024ರ ಸೆಪ್ಟೆಂಬರ್‌ಗಿಂತ ಹಳೆಯದಾಗಿದ್ದರೆ ಅಲ್ಲಿಯೇ ಅಪ್‌ಡೇಟ್ ಮಾಡಿಸಿಕೊಂಡು ಬನ್ನಿ.

ಲ್ಯಾಪ್‌ಟಾಪ್ ವಿಷಯದಲ್ಲಿ ಎರಡೂ ಕಂಪನಿಗಳು ಹೆಸರಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸಿವೆ ಎಂದೇ ನನ್ನ ಅಭಿಪ್ರಾಯ. ರೈಜನ್ 5 7520ಯು, 7530ಯು, 7540ಯು ಎಂಬ ಮೂರನ್ನು ನೋಡಿ. ಮೊದಲ ಅಂಕಿ 7 ನೋಡಿದವರಿಗೆ ಮೂರೂ ಒಂದೇ ತಲೆಮಾರಿನವು ಎನಿಸುತ್ತದೆ. ವಿನ್ಯಾಸದ ತಲೆಮಾರನ್ನು ಹೇಳುವುದು ಮೂರನೆಯ ಅಂಕಿ: 7520ಯು ಒಳಗಿರುವುದು 2019ರ ಜೆನ್ 2 ವಿನ್ಯಾಸ, ನಾಲ್ಕು ಕೋರ್, 7530ಯು ಜೆನ್ 3, ಆರು ಕೋರ್, 7540ಯು ಜೆನ್ 4. 7520ಯು ಜೊತೆಗಿನ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಇಂಟೆಲ್‌ನಲ್ಲಿ "ಕೋರ್ ಅಲ್ಟ್ರಾ 5 125ಯು" ಹೊಸ ವಿನ್ಯಾಸದ್ದು, ಅಲ್ಟ್ರಾ ಎಂಬ ಪದವಿಲ್ಲದ "ಕೋರ್ 5 120ಯು" ಹಿಂದಿನ ರ್ಯಾಪ್ಟರ್ ಲೇಕ್ ವಿನ್ಯಾಸದ್ದು. ಬಿಸಿಎ ಓದಿಗೆ 7530ಯು ಆಗಲಿ 120ಯು ಆಗಲಿ ಧಾರಾಳವಾಗಿ ಸಾಕು, ಬೆಲೆಯೂ ಅದಕ್ಕೆ ತಕ್ಕಂತೆ ಇದ್ದರೆ; 7520ಯುವನ್ನು ಮಾತ್ರ ಬಿಟ್ಟುಬಿಡಿ. 16 ಜಿಬಿ ಮೆಮೊರಿ ಇರಲಿ, ಇಲ್ಲವೇ ಮುಂದೆ ಹಾಕಿಸಲು ಖಾಲಿ ಸ್ಲಾಟ್ ಇದೆಯೆಂದು ಖಚಿತಪಡಿಸಿಕೊಳ್ಳಿ.

ನಿಮ್ಮ ಕ್ಯಾಮೆರಾದ ಮಾದರಿ, ಅದರಲ್ಲಿ ನೀವು ಬಳಸುವ ರೆಕಾರ್ಡಿಂಗ್ ಸೆಟ್ಟಿಂಗ್ ಮತ್ತು ಹಳೆಯ ಕಂಪ್ಯೂಟರಿನ ಮೆಮೊರಿ ಯಾವ ಬಗೆಯದು ಎಂಬ ಮೂರು ವಿವರಗಳನ್ನು ಇಲ್ಲಿ ತಿಳಿಸಿ. ಅವು ಗೊತ್ತಾದರೆ ಬೋರ್ಡ್, ಕೂಲರ್, ಪವರ್ ಸಪ್ಲೈ ಸೇರಿದ ಪೂರ್ಣ ಪಟ್ಟಿಯನ್ನು ಬರೆದು ಕೊಡುತ್ತೇನೆ.