ಸಿಪ್ಪೆ ಏಳುವ ಕಣ್ಣು, ಹರಡುವ ಚುಕ್ಕೆ

ಪ್ರಶ್ನೆ: ಕಾಳಿ ನದಿಯ ಅಳಿವೆಯಲ್ಲಿ ಗಾಳ ಹಾಕಲೆಂದು ನಾನು ಮನೆಯಲ್ಲಿಯೇ ಪ್ಲಾಸ್ಟಿಸಾಲ್ ಕಾಯಿಸಿ, ಪ್ಲಾಸ್ಟರ್ ಅಚ್ಚಿಗೆ ಎರೆದು, ದೊಡ್ಡ ಮೀನುಗಳನ್ನು ಸೆಳೆಯುವ ಮೆದು ಪ್ಲಾಸ್ಟಿಕ್ಕಿನ ತಾರ್ಲೆ (ಬೂತಾಯಿ) ಮೀನುಗಳನ್ನು ಮಾಡಿಕೊಳ್ಳುತ್ತೇನೆ. ಬಿಳಿ ಮೈಯ ಮೇಲೆ ಉಗುರುಬಣ್ಣದಿಂದ ಬರೆದ ಕಣ್ಣು ದಿನಗಟ್ಟಲೆ ಅಂಟಂಟಾಗಿ ಉಳಿದು ಕೊನೆಗೆ ಸಿಪ್ಪೆಯಂತೆ ಏಳುತ್ತದೆ. ಮಾರ್ಕರ್ ಪೆನ್ನಿನಿಂದ ಇಟ್ಟ ಕಪ್ಪು ಚುಕ್ಕೆ ವಾರದೊಳಗೆ ಬೂದು ಮಸಿಯಾಗಿ ಹರಡುತ್ತದೆ. ಬಣ್ಣ ನಿಲ್ಲುವಂತೆ ಮಾಡುವುದು ಹೇಗೆ? (ಓದುಗರು, ಸದಾಶಿವಗಡ)

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ಎಣ್ಣೆಯದು. ಪ್ಲಾಸ್ಟಿಸಾಲ್ ಎಂದರೆ ಪಿವಿಸಿ ಪುಡಿ ಮತ್ತು ಅದನ್ನು ಮೆದುವಾಗಿರಿಸುವ ಎಣ್ಣೆಯಂಥ ದ್ರವದ ಮಿಶ್ರಣ. ಕಾಸಿ ಎರೆದು ಗಟ್ಟಿಯಾದ ಮೇಲೂ ಆ ದ್ರವ ಮೈಯೊಳಗೆ ಅಲೆಯುತ್ತಲೇ ಇರುತ್ತದೆ. ಅದು ಉಗುರುಬಣ್ಣದ ಪದರವನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ, ಮಾರ್ಕರಿನ ಶಾಯಿಯನ್ನು ಕರಗಿಸಿಕೊಂಡು ಸುತ್ತಲೂ ಒಯ್ಯುತ್ತದೆ. ಆದ್ದರಿಂದ ಬಣ್ಣವನ್ನು ಮೈಯ ಮೇಲೆ ಬಳಿಯಬಾರದು, ಪ್ಲಾಸ್ಟಿಸಾಲಿನಲ್ಲಿಯೇ ಕಲಸಿ ಮೈಗೆ ಬೆಸೆಯಬೇಕು.

ಕಣ್ಣನ್ನು ಅಚ್ಚಿನಲ್ಲಿಯೇ ಇಡುವುದು ಎಲ್ಲಕ್ಕಿಂತ ಗಟ್ಟಿ ಕೆಲಸ. ಅಚ್ಚಿನ ತಳಕ್ಕೆ ತಾಗಿದ ಬಣ್ಣವೇ ಮೀನಿನ ಹೊರಮೈಯಾಗುವುದರಿಂದ ಇಲ್ಲಿ ಕ್ರಮ ತಿರುವುಮುರುವು: ಕಣ್ಣಿನ ಕುಳಿಯಲ್ಲಿ ಮೊದಲು ಕಪ್ಪು ಪಾಪೆಯ ಹನಿ, ಅದು ಕಟ್ಟಿಕೊಂಡ ಮೇಲೆ ಅದರ ಮೇಲೆ ಹಳದಿಯ ದೊಡ್ಡ ಹನಿ, ಕೊನೆಗೆ ಮೈಯ ಬಿಳಿ. ಹನಿ ಇಡಲು ಗುಂಡುಪಿನ್ನಿನ ತಲೆ ಸಾಕು. ಆದರೆ ಪಿನ್ನನ್ನು ಮೊದಲು ಬಿಸಿ ಮಾಡದಿದ್ದರೆ ಅಷ್ಟು ಚಿಕ್ಕ ಹನಿ ಅಚ್ಚು ಮುಟ್ಟುವ ಮೊದಲೇ ದಾರದಂತೆ ಎಳೆದುಕೊಳ್ಳುತ್ತದೆ. ಈಗಾಗಲೇ ಎರೆದಿಟ್ಟ ಮೀನುಗಳಿದ್ದರೆ ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ ತೆಗೆದು, ಪೂರ್ತಿ ಒಣಗಿಸಿ, ಬಿಸಿ ಪಿನ್ನಿನಿಂದಲೇ ಚುಕ್ಕೆ ಇಡಿ. ಬರೆಯಲೇಬೇಕು ಎನ್ನುವವರಿಗೆ ವಿನೈಲ್ ಹಾಳೆಯ ಮೇಲೆ ಮುದ್ರಿಸಲು ಬಳಸುವ ಸ್ಕ್ರೀನ್ ಪ್ರಿಂಟಿಂಗ್ ಶಾಯಿ ಇದೆ. ಅದರ ದ್ರಾವಕ ಪಿವಿಸಿಯನ್ನು ತುಸು ಕಚ್ಚಿ ಹಿಡಿಯುವುದರಿಂದ ಉಗುರುಬಣ್ಣದಂತೆ ಏಳುವುದಿಲ್ಲ.

ಬೆನ್ನು ಮತ್ತು ಹೊಟ್ಟೆಗೆ ಬೇರೆ ಬಣ್ಣ ಬೇಕಿದ್ದರೆ, ಅಚ್ಚಿನಲ್ಲಿ ಕೆಳಗೆ ಬರುವ ಭಾಗವನ್ನು ಮೊದಲು ಎರೆದು, ಅದರ ಮೇಲೆ ಕೆನೆ ಕಟ್ಟಿದ ಕೂಡಲೇ, ಇನ್ನೂ ಬಿಸಿಯಿರುವಾಗಲೇ, ಎರಡನೆಯದನ್ನು ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರೆಯಿರಿ. ಮೊದಲ ಪದರ ತಣ್ಣಗಾಗಲು ಬಿಟ್ಟು ನಾನು ಕೆಡಿಸಿಕೊಂಡ ಮೀನುಗಳೆಲ್ಲ ಮೊದಲ ಕಡಿತಕ್ಕೇ ಉದ್ದಕ್ಕೆ ಹೋಳಾದವು. ಶಾಖ 200 ಡಿಗ್ರಿ ದಾಟಲು ಬಿಡಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಹೊರಬೀಳುತ್ತದೆ. ಗಾಳಿಯಾಡುವ ಕಡೆ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡು, ಅಡುಗೆಗೆ ಮತ್ತೆ ಬಳಸದ ಪಾತ್ರೆಯಲ್ಲಿ ಕಾಯಿಸಿ. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟರ್ ಅಚ್ಚು ತೇವ ಹೀರಿರುತ್ತದೆ, ಆ ತೇವ ಆವಿಯಾಗಿ ಬಿಸಿ ಪ್ಲಾಸ್ಟಿಕ್ಕನ್ನು ಮುಖಕ್ಕೆ ಸಿಡಿಸಬಲ್ಲದು. ಅಚ್ಚನ್ನು ಚೆನ್ನಾಗಿ ಒಣಗಿಸದೆ ದಯವಿಟ್ಟು ಎರೆಯಬೇಡಿ.

ಬಣ್ಣ ಎಲ್ಲಿರಬೇಕು ಎಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಮಾರುಕಟ್ಟೆಯಿಂದ ತಂದ ತಾರ್ಲೆಯೊಂದನ್ನು ಎದುರಿಗಿಟ್ಟುಕೊಳ್ಳಿ: ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿ, ಕಿವಿರು ಮುಚ್ಚಳದ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಗುರುತು. ಅಷ್ಟನ್ನೇ ಅನುಕರಿಸಿದರೆ ಸಾಕು. ಮೈತುಂಬ ಚುಕ್ಕೆ ಇಟ್ಟರೆ ದೂರದಿಂದ ಎಲ್ಲವೂ ಕಲೆತು ಒಂದೇ ಬೂದಾಗಿ ಕಾಣುತ್ತದೆ. ಕೆಂಪು ಬಣ್ಣ ಆಳಕ್ಕೆ ಇಳಿದಂತೆ ಎಲ್ಲಕ್ಕಿಂತ ಮೊದಲು ಮಾಸಿ ಕಪ್ಪಾಗುವುದರಿಂದ, ಕಣ್ಣಿಗೆ ಕೆಂಪಿಗಿಂತ ಹಳದಿಯ ನಡುವಿನ ಕಪ್ಪನ್ನೇ ನಾನು ಆರಿಸುತ್ತೇನೆ. ಮಳೆ ನೀರಿನಿಂದ ಹೊಳೆ ಕದಡಿರುವಾಗ ಚಣಕ (ಬಾರಾಮಂಡಿ) ಮೀನಿನ ಗಾಳಕ್ಕೆ ಕಪ್ಪು ಮೈ, ಹಳದಿ-ಹಸಿರು ಬಾಲ. ಅಲುಗುವ ಭಾಗವೇ ಎದ್ದು ಕಾಣಲಿ.

ಪ್ರಶ್ನೆ: ಕಪ್ಪು ಮತ್ತು ಬಿಳಿ ಮೀನುಗಳನ್ನು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ. ಬಿಳಿಯದಕ್ಕೆ ಕಪ್ಪು ಹತ್ತಿದೆ, ಡಬ್ಬಿಯ ತಳವೂ ಕರಗಿದೆ. (ಓದುಗರು, ಕುಮಟಾ)

ಉತ್ತರ: ಇದೂ ಅದೇ ಎಣ್ಣೆಯ ಕೆಲಸ. ಹತ್ತಿದ ಬಣ್ಣ ತೊಳೆದರೆ ಹೋಗುವುದಿಲ್ಲ. ಆ ಬಿಳಿ ಮೀನುಗಳನ್ನು ಕರಗಿಸಿ ಕಪ್ಪಿಗೆ ಸೇರಿಸಿಬಿಡಿ. ಇನ್ನು ಮುಂದೆ ಒಂದೊಂದು ಬಣ್ಣವನ್ನು ಬೇರೆ ಬೇರೆ ಪಾಲಿಥಿನ್ ಚೀಲದಲ್ಲಿ ಇಡಿ. ಗಾಜಿನಂತೆ ಹೊಳೆಯುವ ಪಾಲಿಸ್ಟೈರಿನ್ ಡಬ್ಬಿ ಬೇಡ. ಅಂಗಡಿಯಿಂದ ತಂದ, ಬಹಳ ಹಿಗ್ಗುವ ಟಿಪಿಇ (ರಬ್ಬರಿನಂಥ ಬೇರೊಂದು ಪ್ಲಾಸ್ಟಿಕ್) ಮೀನುಗಳನ್ನಂತೂ ಇವುಗಳ ಹತ್ತಿರಕ್ಕೂ ಸೇರಿಸಬೇಡಿ, ಎರಡೂ ಕರಗಿ ಮುದ್ದೆಯಾಗುತ್ತವೆ.