ಹಂಪಿ ಬಿಸಿಲಿಗೆ ಬೆಂಗಳೂರಿನ ಮೈ

ಪ್ರಶ್ನೆ: ಅಕ್ಕಾ, ಮಕ್ಕಳಿಗೆ ರಜೆ ಅಂತ ಮೇ ಮೊದಲ ವಾರ ಮೂರು ದಿನ ಹಂಪಿಗೆ ಹೊರಟಿದ್ದೇವೆ. ಮಕ್ಕಳಿಗೆ 6 ಮತ್ತು 9 ವರ್ಷ. ಜೊತೆಗೆ 68 ವರ್ಷದ ಅತ್ತೆ ಇರುತ್ತಾರೆ. ಅವರಿಗೆ ಬಿಪಿ, ಶುಗರ್ ಎರಡೂ ಇದೆ, ಇನ್ಸುಲಿನ್ ತಗೊಳ್ಳುತ್ತಾರೆ. ಟೋಪಿ, ಸನ್‌ಸ್ಕ್ರೀನ್, ಗ್ಲೂಕೋಸ್ ಪುಡಿ ಎಲ್ಲಾ ತಂದಾಯಿತು. ಇನ್ನೇನು ಕೊಳ್ಳಬೇಕು?
– ಓದುಗರು, ಬಸವನಗುಡಿ

ಉತ್ತರ: ಕೊಳ್ಳುವುದು ಆಮೇಲೆ. ಕೂತು ಆ ಮೂರು ದಿನದ ಟೈಮ್‌ಟೇಬಲ್ ಬರೆಯಿರಿ.

ನಾನು ರಾಯಚೂರಿನವಳು. ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಆರನೇ ವರ್ಷ, ಮೇ ತಿಂಗಳಲ್ಲಿ ತವರಿಗೆ ಹೋಗಿದ್ದೆ. ನಮ್ಮೂರ ಬಿಸಿಲು ನನಗೇನು ಮಾಡೀತು ಎಂಬ ಜಂಬ. ಮಧ್ಯಾಹ್ನ ಒಂದು ಗಂಟೆಗೆ ಮಗನಿಗೆ ಚಪ್ಪಲಿ ಕೊಡಿಸಲು ಬಜಾರಿಗೆ ಹೊರಟೆ. ಅರ್ಧ ದಾರಿಯಲ್ಲೇ ತಲೆ ಗಿರ್ ಅಂತು, ವಾಂತಿಯೂ ಆಯಿತು. ಯಾರೋ ಪುಣ್ಯಾತ್ಮರು ಅಂಗಡಿ ಕಟ್ಟೆಯ ಮೇಲೆ ಮಲಗಿಸಿ, ಕತ್ತಿಗೆ ಒದ್ದೆ ಟವೆಲ್ ಸುತ್ತಿ, ಮಜ್ಜಿಗೆ ಕುಡಿಸಿದರು. ಆಗ ನೋಡಿದೆ, ಅರ್ಧ ಬಜಾರು ಬಾಗಿಲು ಹಾಕಿತ್ತು. ಊರೆಲ್ಲ ಒಳಗೆ ಮಲಗಿರುವಾಗ ಬೀದಿಯಲ್ಲಿದ್ದವಳು ನಾನೊಬ್ಬಳೇ. ಮನೆಗೆ ಬಂದ ಮೇಲೆ ಅವ್ವನ ಪೂಜೆ ಬೇರೆ: "ಬೆಂಗಳೂರ ನೀರು ಕುಡ್ದು ಬಿಸಲಿನ ಹೊತ್ತು ಮರತೀ ಏನವಾ?"

ಮರೆತಿದ್ದು ನಾನಲ್ಲ, ನನ್ನ ಮೈ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಹೊಸಪೇಟೆ ಹೆಚ್ಚುಕಡಿಮೆ ಅದರ ಅರ್ಧ. ಇಲ್ಲಿ ಸಂಜೆಯಾದರೆ ಗಾಳಿ ತಿರುಗುತ್ತದೆ. ಹಂಪಿಯಲ್ಲಿ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತಾ ಕೂತಿರುತ್ತವೆ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ನಿಮಗಿರುವುದು ಮೂರೇ ದಿನ. ಹಾಗಾಗಿ ಈಗಿನಿಂದಲೇ ನೀವು, ನಿಮ್ಮ ಯಜಮಾನರು ಬೆಳಗಿನ ವಾಕಿಂಗ್ ಬಿಟ್ಟು ಸಂಜೆ ನಾಲ್ಕಕ್ಕೆ ಕೃಷ್ಣರಾವ್ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯಿರಿ. ಸ್ವಲ್ಪ ಬೆವರಲಿ. ಅತ್ತೆಯವರನ್ನು ಎಳೆದೊಯ್ಯಬೇಡಿ.

ಅಲ್ಲಿಗೆ ಹೋದ ಮೇಲೆ ಬೆಳಗ್ಗೆ ಆರಕ್ಕೆಲ್ಲ ಹೊರಗಿರಬೇಕು. ಹೇಮಕೂಟ ಏರುವುದು ಸುಲಭ, ಅತ್ತೆಯವರೂ ಬರಬಹುದು. ಮಾತಂಗ ಬೆಟ್ಟದ ಆಸೆ ಈ ಸಲ ಬಿಡಿ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಬ್ಯಾಟರಿ ಗಾಡಿ ಇದೆ, ಆದರೆ ಅದಕ್ಕೆ ಕ್ಯೂ ನಿಲ್ಲುವುದು ಬಿಸಿಲಲ್ಲೇ ಅಲ್ವಾ? ಟಿಕೆಟ್ ಕೊಡಲು ಶುರು ಮಾಡುವ ಹೊತ್ತಿಗೇ ಅಲ್ಲಿರಿ. ಹನ್ನೊಂದರೊಳಗೆ ರೂಮಿಗೆ ವಾಪಸ್. ಊಟ, ನಿದ್ದೆ. ಮತ್ತೆ ಹೊರಡುವುದು ನಾಲ್ಕೂವರೆಯ ಮೇಲೆ. ಮಕ್ಕಳು ಕೂರಲಾರೆವು ಅಂದರೆ ಕಮಲಾಪುರದ ಮ್ಯೂಸಿಯಂ ತೋರಿಸಿ, ನೆರಳಾದರೂ ಇದೆ. ಶುಕ್ರವಾರ ಅದಕ್ಕೆ ರಜೆ. ನದಿಗೆ ಮಾತ್ರ ಇಳಿಸಬೇಡಿ.

ರೂಮ್ ಬುಕ್ ಮಾಡುವಾಗ ಮೇಲಿನ ಮಹಡಿ ಬೇಡ ಅಂತ ಹೇಳಿ. ಕಾದ ತಾರಸಿಯ ಕೆಳಗೆ ಮಲಗುವ ಕಷ್ಟ ಮಲಗಿದವರಿಗೇ ಗೊತ್ತು. ವಿರೂಪಾಕ್ಷನ ಗುಡಿಯಲ್ಲಿ ಬರಿಗಾಲು, ಕಾದ ಕಲ್ಲಿನ ಅಂಗಳ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಕಾಲುಚೀಲ ಇರಲಿ.

ಅತ್ತೆಯವರನ್ನು ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಬಿಪಿಗೆ ಕೊಡುವ ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡಿಸುತ್ತವೆ. ಬೆವರೂ ಸೇರಿದರೆ ಮೈಯ ನೀರು ಬೇಗ ಖಾಲಿಯಾಗುತ್ತದೆ. ಹಾಗಂತ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದಂತೆ ಮಾಡಿ. ನಿಲ್ಲಿಸಿದ ಕಾರಿನಲ್ಲಿ ಇನ್ಸುಲಿನ್ ಬಿಡಬೇಡಿ, ಐಸಿಗೂ ತಾಗಿಸಬೇಡಿ.

ಆ ಗ್ಲೂಕೋಸ್ ಪುಡಿ ಇರಲಿ, ಇನ್ಸುಲಿನ್ ತಗೊಳ್ಳುವ ಅತ್ತೆಯವರ ಶುಗರ್ ಇಳಿದರೆ ಬೇಕಾದೀತು. ಬಿಸಿಲಿಗೆ ಮಾತ್ರ ಓಆರ್‌ಎಸ್ ಪೊಟ್ಟಣ ತನ್ನಿ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಗ್ಲೂಕೋಸ್ ಅದನ್ನು ತುಂಬಿಕೊಡುವುದಿಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅತ್ತೆಯವರಿಗೆ ನೀರು, ತೆಳ್ಳಗಿನ ಮಜ್ಜಿಗೆ ಸಾಕು, ಉಪ್ಪು ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರ ಇಲ್ಲದವರಿಗೆ ನೀರು ಕುಡಿಸಬೇಡಿ.

ಪ್ರಶ್ನೆ: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವಂತೆ. ನಿಜವಾ?
– ಓದುಗರು, ವಿಜಯನಗರ

ಉತ್ತರ: ನಮ್ಮಜ್ಜಿ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಜೇಬಿನ ಈರುಳ್ಳಿ ಬಿಸಿಲನ್ನೇನೂ ತಡೆಯುವುದಿಲ್ಲ. ಆದರೆ ಅಜ್ಜಿ ಹತ್ತು ಗಂಟೆಗೇ ಹೊಲದಿಂದ ಮನೆ ಸೇರಿ, ಅದೇ ಈರುಳ್ಳಿಯನ್ನು ಗುದ್ದಿ ರೊಟ್ಟಿ ಜೊತೆ ತಿಂದು ಮಲಗುತ್ತಿದ್ದರು.